ಕಾಫಿ ಸುರಿಯುವ ಕೈಯಿಂದ ಶುರು: ಡಿಸೈನ್ ಕಲಿಸುವವರಿಗೆ ದೇಹರಚನೆ

ಬಸವನಗುಡಿಯ ಯಾವುದಾದರೂ ದರ್ಶಿನಿಗೆ ಹೋಗಿ ಒಂದು ಫಿಲ್ಟರ್ ಕಾಫಿ ತಗೊಳ್ಳಿ. ಸ್ಟೀಲ್ ಲೋಟ ಸುಡುತ್ತಿರುತ್ತದೆ. ಅದರ ಅಂಚನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಯಲ್ಲಿ ಹಿಡಿಯುತ್ತೀರಿ. ಎತ್ತಿ ಬಟ್ಟಲಿಗೆ ಸುರಿಯುತ್ತೀರಿ, ಬಟ್ಟಲಿನಿಂದ ಮತ್ತೆ ಲೋಟಕ್ಕೆ. ನೊರೆ ಏಳುತ್ತದೆ, ಕಾಫಿ ಆರುತ್ತದೆ. ಕುಡಿದಾದ ಮೇಲೆ ಖಾಲಿ ಲೋಟದಲ್ಲಿ ಒಂದು ಕೆಲಸ ಮಾಡಿ. ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟುಕೊಳ್ಳಿ. ಎಡಗೈ ಬೆರಳನ್ನು ಮೊಣಕೈಯ ಚೂಪು ಮೂಳೆಯ ಮೇಲಿಟ್ಟು ಲೋಟ ಬಗ್ಗಿಸಿ. ಆ ಮೂಳೆ ಇದ್ದಲ್ಲೇ ಇರುತ್ತದೆ. ಈಗ ಬೆರಳನ್ನು ಮಣಿಕಟ್ಟಿಗೆ ತನ್ನಿ, ಮತ್ತೆ ಬಗ್ಗಿಸಿ. ಮಣಿಕಟ್ಟು ಪೂರ್ತಿ ತಿರುಗಿಬಿಡುತ್ತದೆ.

ಒಂದು ತುದಿ ನಿಂತೇ ಇದೆ, ಇನ್ನೊಂದು ತುದಿ ತಿರುಗಿದೆ. ನಡುವೆ ಏನಾಯಿತು?

ಮುಂಗೈಯಲ್ಲಿ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ, ಎರಡು ಮೂಳೆಗಳಿವೆ. ಕಿರುಬೆರಳಿನ ಕಡೆ ಇರುವುದು ಅಲ್ನಾ, ಹೆಬ್ಬೆರಳಿನ ಕಡೆ ಇರುವುದು ರೇಡಿಯಸ್. ಅಂಗೈ ಮೇಲೆ ಮಾಡಿ ಹಿಡಿದಾಗ ಎರಡೂ ಅಕ್ಕಪಕ್ಕ ಇರುತ್ತವೆ. ಲೋಟ ಬಗ್ಗಿಸಿದಾಗ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಹಾಯುತ್ತದೆ, ತೆರೆದ ಕತ್ತರಿಯ ಹಾಗೆ. ಅಂಗೈ ಪೂರ್ತಿ ಮೇಲಿನಿಂದ ಪೂರ್ತಿ ಕೆಳಕ್ಕೆ ಬರುವಷ್ಟರಲ್ಲಿ ಸುಮಾರು 160 ಡಿಗ್ರಿ ತಿರುಗಿರುತ್ತದೆ. ಇಷ್ಟೂ ಮಣಿಕಟ್ಟಿನಲ್ಲೇ ಆಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ತಿರುಗುವುದು ಇಡೀ ಮುಂಗೈ.

ನಾನು ಫಿಸಿಯೋಥೆರಪಿ ಓದಿದವಳು. ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ಡಿಸೈನ್ ಕಲಿಸುವ ಮೇಷ್ಟರು, ಮೇಡಂಗಳಿಗೆ ದೇಹರಚನೆಯ ತರಗತಿ ನಡೆಸುತ್ತಿದ್ದೇನೆ. ಕುರ್ಚಿ, ಬಟ್ಟೆ, ಅನಿಮೇಷನ್, ಅಡುಗೆಮನೆ ಸಾಮಾನು, ಆಸ್ಪತ್ರೆ ಸಲಕರಣೆ, ಹೀಗೆ ಒಬ್ಬೊಬ್ಬರದು ಒಂದೊಂದು ವಿಷಯ. ಎಲ್ಲರಿಗೂ ಮನುಷ್ಯನ ಮೈ ಬೇಕು. ಆದರೆ ಹೆಚ್ಚಿನವರು ಅದನ್ನು ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಕೊನೆಯ ಸಲ ಓದಿದವರು.

ಮೊದಲ ತರಗತಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಒಳ್ಳೆಯ ತ್ರೀಡಿ ತಂತ್ರಾಂಶ ಇತ್ತು, ದೊಡ್ಡ ಪರದೆ ಇತ್ತು. ಒಂದೂವರೆ ಗಂಟೆ ಅಸ್ಥಿಪಂಜರವನ್ನು ತಿರುಗಿಸಿ ತಿರುಗಿಸಿ ತೋರಿಸಿದೆ. ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿದೆ. ಎಲ್ಲರೂ ಖುಷಿಪಟ್ಟರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಊಟವಾದ ಮೇಲೆ, ಲೋಟದಿಂದ ಸುರಿಯುವ ಕೈಯ ಒಳಗಿನ ಮೂಳೆಗಳನ್ನು ಬರೆಯಿರಿ ಅಂದೆ. ಒಬ್ಬರ ಚಿತ್ರದಲ್ಲೂ ಮೂಳೆಗಳು ಅಡ್ಡ ಹಾಯಲಿಲ್ಲ. ಎಲ್ಲರೂ ಎರಡು ನೇರ ಗೆರೆ ಎಳೆದು, ಕೊನೆಗೆ ಕೈಯನ್ನು ಮಾತ್ರ ತಿರುಗಿಸಿದ್ದರು. ಬೆಳಿಗ್ಗೆ ಅದೇ ಮುಂಗೈಯನ್ನು ಅವರು ಎಲ್ಲ ಕಡೆಯಿಂದಲೂ ನೋಡಿದ್ದರು! ಅವರಲ್ಲಿ ಪ್ರಶ್ನೆಯೇ ಹುಟ್ಟದಿರುವಾಗ ನಾನು ಉತ್ತರ ತೋರಿಸಿದ್ದೆ. ಅದು ಕಣ್ಣಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಅಂದಿನಿಂದ ಕ್ರಮ ಬದಲಾಯಿಸಿದೆ. ಮೊದಲು ನಮ್ಮದೇ ಮೈ. ಆಮೇಲೆ ಪೆನ್ಸಿಲ್, ಕಾಗದ. ಪರದೆ ಕೊನೆಗೆ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಈ ತಂತ್ರಾಂಶಗಳು ಮೈಯನ್ನು ಹೇಗೆ ತೋರಿಸುತ್ತವೆ, ಏನನ್ನು ಬಿಟ್ಟುಬಿಡುತ್ತವೆ ಅನ್ನುವುದು ಗೊತ್ತಿರಬೇಕು.

ಬಾಳೆಯನ್ನು ನೆನಪಿಸಿಕೊಳ್ಳಿ. ಗೊನೆ ಕಡಿದ ಮೇಲೆ ಉಳಿದ ಬಾಳೆಯನ್ನು ಎರಡು ಥರ ಬಿಡಿಸಬಹುದು. ಹೊರಗಿನ ಪಟ್ಟೆಗಳನ್ನು ಒಂದೊಂದಾಗಿ ಸುಲಿಯುತ್ತಾ ಒಳಗಿನ ದಿಂಡಿನವರೆಗೆ ಹೋಗಬಹುದು. ಇಲ್ಲವೇ ಪಲ್ಯಕ್ಕೆ ಹೆಚ್ಚುವ ಹಾಗೆ ಅಡ್ಡಡ್ಡ ಬಿಲ್ಲೆ ಮಾಡಬಹುದು. ದೇಹರಚನೆಯ ತಂತ್ರಾಂಶಗಳೂ ಮುಖ್ಯವಾಗಿ ಇವೆರಡನ್ನೇ ಮಾಡುತ್ತವೆ. ಸುಲಿದರೆ ಚರ್ಮ, ಕೊಬ್ಬು, ಸ್ನಾಯು, ಮೂಳೆ ಅಂತ ಪದರ ಪದರ. ಯಾವುದು ಯಾವುದರ ಮೇಲಿದೆ ಅಂತ ತಿಳಿಯುತ್ತದೆ. ಬಿಲ್ಲೆ ಮಾಡಿದರೆ ಯಾವುದರ ಪಕ್ಕ ಯಾವುದು, ಎಷ್ಟು ದಪ್ಪ, ಎಲ್ಲಿ ಇಕ್ಕಟ್ಟು ಅಂತ ತಿಳಿಯುತ್ತದೆ.

ಡಿಸೈನ್ ಕಲಿಸುವವರು ಸುಲಿಯುವ ನೋಟವನ್ನೇ ಇಷ್ಟಪಡುತ್ತಾರೆ. ಅದು ಚಂದ ಕಾಣುತ್ತದೆ. ಬಿಲ್ಲೆ ನೋಟ ಮೊದಲ ಸಲಕ್ಕೆ ಏನೂ ಅರ್ಥವಾಗುವುದಿಲ್ಲ. ಆದರೆ ಅವರಿಗೆ ಜಾಸ್ತಿ ಕೆಲಸಕ್ಕೆ ಬರುವುದು ಬಿಲ್ಲೆಯೇ ಅಂತ ನನ್ನ ಅನಿಸಿಕೆ. ಮಣಿಕಟ್ಟಿನ ಬಿಲ್ಲೆ ತೆಗೆದು ನೋಡಿ. ಎಂಟು ಪುಟ್ಟ ಮೂಳೆಗಳು ಕಮಾನಿನ ಹಾಗೆ ಕೂತಿವೆ. ಕಮಾನಿನ ಮೇಲೆ ಒಂದು ಗಟ್ಟಿ ಪಟ್ಟಿ. ನಡುವೆ ಸಣ್ಣ ಸುರಂಗ. ಅದರೊಳಗೆ ಬೆರಳು ಮಡಚುವ ಒಂಬತ್ತು ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗಗಳು), ಜೊತೆಗೆ ಒಂದು ನರ. ಅಷ್ಟೂ ಒತ್ತೊತ್ತಾಗಿ ತುಂಬಿವೆ. ಕತ್ತರಿಯ ಹಿಡಿಯೋ ಮೌಸೋ ಮಣಿಕಟ್ಟನ್ನು ದಿನವಿಡೀ ಬಗ್ಗಿಸಿ ಇಟ್ಟರೆ ಯಾಕೆ ಬೆರಳು ಜೋಮು ಹಿಡಿಯುತ್ತದೆ ಅಂತ ಈ ಒಂದು ಬಿಲ್ಲೆ ನೋಡಿದರೆ ಸಾಕು.

ಇಲ್ಲಿ ಇನ್ನೊಂದು ಮಾತು. ಬೆರಳನ್ನು ಬಲವಾಗಿ ಮಡಚುವ ಸ್ನಾಯು ಬೆರಳಿನಲ್ಲಿ ಇಲ್ಲ. ಅದು ಮುಂಗೈಯಲ್ಲಿದೆ. ಬೆರಳಿಗೆ ಬರುವುದು ಹಗ್ಗದಂಥ ಟೆಂಡನ್ ಮಾತ್ರ. ಎಡಗೈಯಲ್ಲಿ ಬಲ ಮುಂಗೈ ಹಿಡಿದು, ಬಲಗೈ ಮುಷ್ಟಿ ಬಿಗಿ ಮಾಡಿ ಬಿಡಿ. ಒಳಗೆ ಗಡ್ಡೆ ಓಡಾಡುವುದು ಕೈಗೆ ತಿಳಿಯುತ್ತದೆ. ಈಗ ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಬಗ್ಗಿಸಿ ಮುಷ್ಟಿ ಬಿಗಿಮಾಡಲು ನೋಡಿ. ಬಲವೇ ಬರುವುದಿಲ್ಲ, ಅಲ್ವಾ? ಮಣಿಕಟ್ಟು ಬಾಗಿದಾಗ ಮಡಚುವ ಹಗ್ಗಗಳು ಸಡಿಲವಾಗುತ್ತವೆ, ಬಿಚ್ಚುವ ಹಗ್ಗಗಳು ಆಗಲೇ ಎಳೆದುಕೊಂಡಿರುತ್ತವೆ. ಅದಕ್ಕೇ ಹಿಡಿಕೆ ಮಾಡುವಾಗ ಬಾಗಬೇಕಾದ್ದು ಹಿಡಿಕೆ, ಮಣಿಕಟ್ಟಲ್ಲ.

ಈ ಚಿತ್ರಗಳು ಎಲ್ಲಿಂದ ಬರುತ್ತವೆ? ಸಿಟಿ ಸ್ಕ್ಯಾನ್ ಚಾಕು ಇಲ್ಲದೆ ಮೈಯನ್ನು ಬಿಲ್ಲೆ ಮಾಡುತ್ತದೆ. ಎಕ್ಸ್-ರೇಯನ್ನು ಸುತ್ತಲೂ ಹಾಯಿಸಿ, ಎಲ್ಲಿ ಎಷ್ಟು ಹೀರಿಕೊಂಡಿತು ಅಂತ ಲೆಕ್ಕ ಹಾಕುತ್ತದೆ. ಬಿಲ್ಲೆಯ ಒಂದೊಂದು ಚುಕ್ಕೆಗೂ ಒಂದು ಅಂಕಿ ಸಿಗುತ್ತದೆ. ನೀರಿಗೆ 0. ಗಾಳಿಗೆ ಮೈನಸ್ 1000. ಕೊಬ್ಬಿಗೆ ಮೈನಸ್ 100ರ ಆಸುಪಾಸು. ಗಟ್ಟಿ ಮೂಳೆಗೆ ಹಲವು ನೂರರಿಂದ ಸಾವಿರ, ಅದಕ್ಕೂ ಮೇಲೆ. ಈ ಅಳತೆಗೆ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರಿದೆ. ಅವರು ಕಟ್ಟಿದ ಯಂತ್ರದಲ್ಲಿ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸ್ಕ್ಯಾನ್ ಆಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು.

ತಂತ್ರಾಂಶಕ್ಕೆ 300ರ ಮೇಲಿನ ಅಂಕಿ ಇರುವುದನ್ನು ಮಾತ್ರ ತೋರಿಸು ಅಂತ ಹೇಳಿದರೆ ಚರ್ಮ, ಮಾಂಸ ಮಾಯವಾಗಿ ಮೂಳೆ ನಿಲ್ಲುತ್ತದೆ. ಎಷ್ಟು ಸಲೀಸು! ಆದರೆ ಈ ಸಲೀಸಿನಲ್ಲೇ ಮೋಸವೂ ಇದೆ. ಮೂಳೆ ತೆಳ್ಳಗಿದ್ದ ಕಡೆ ಅಂಕಿ ಕಮ್ಮಿ ಬರುತ್ತದೆ, ಪರದೆಯಲ್ಲಿ ತೂತು ಬೀಳುತ್ತದೆ. ಮಂಡಿಯಲ್ಲಿ ಎರಡು ಮೂಳೆಗಳ ನಡುವೆ ಖಾಲಿ ಸಂದು ಕಾಣುತ್ತದೆ. ನಿಜವಾಗಿ ಅಲ್ಲಿ ನುಣುಪಾದ ಮೃದ್ವಸ್ಥಿ (ಕಾರ್ಟಿಲೇಜ್) ಇದೆ, ಅದರ ಅಂಕಿ ಆ ಗೆರೆ ದಾಟಲಿಲ್ಲ, ಅಷ್ಟೇ. ಮೂಳೆಗಳು ಗಾಳಿಯಲ್ಲಿ ತೇಲುವ ಈ ಚಿತ್ರ ನೋಡಿ ಕೃತಕ ಕೈಕಾಲಿನ ಕೀಲು ಬರೆದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಅವರ ಕೀಲಿನಲ್ಲಿ ಒಂದು ಇನ್ನೊಂದಕ್ಕೆ ತಾಗುತ್ತಲೇ ಇರಲಿಲ್ಲ.

ಬಣ್ಣದ ಬಗ್ಗೆಯೂ ಹೇಳಬೇಕು. ಕೆಂಪು ಸ್ನಾಯು, ನೀಲಿ ರಕ್ತನಾಳ, ಹಳದಿ ನರ. ಇವು ಗುರುತಿಗೆ ಹಾಕಿದ ಬಣ್ಣ. ಒಳಗೆ ಇಷ್ಟು ಎದ್ದು ಕಾಣುವ, ಬೇರೆ ಬೇರೆ ಬಣ್ಣ ಇರುವುದಿಲ್ಲ. ಎಲ್ಲವನ್ನೂ ಒಂದಕ್ಕೊಂದು ಅಂಟಿಸುವ ಬಿಳಿ ಪೊರೆಯನ್ನು ಹೆಚ್ಚಿನ ತಂತ್ರಾಂಶಗಳು ತೆಗೆದುಹಾಕಿರುತ್ತವೆ.

ಇನ್ನೊಂದು ಮುಖ್ಯ ಪ್ರಶ್ನೆ: ಪರದೆಯ ಮೇಲಿನ ಮೈ ಯಾರದು? ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ವಿಸಿಬಲ್ ಹ್ಯೂಮನ್ ಯೋಜನೆ ಈ ಕ್ಷೇತ್ರದ ದೊಡ್ಡ ಮೈಲಿಗಲ್ಲು. ಅಲ್ಲಿ ಗಂಡಸಿನ ದೇಹವೊಂದನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರಿಗೆ ಒಂದೊಂದು ಫೋಟೋ ತೆಗೆದರು. ಒಟ್ಟು 1,871 ಬಿಲ್ಲೆಗಳು. 1994ರಲ್ಲಿ ಅವು ಹೊರಬಂದವು. ಮರುವರ್ಷ ಹೆಂಗಸಿನ ದೇಹ, ಮಿಲಿಮೀಟರಿನ ಮೂರನೇ ಒಂದು ಪಾಲಿಗೆ ಒಂದರಂತೆ 5,000ಕ್ಕೂ ಹೆಚ್ಚು ಬಿಲ್ಲೆಗಳು. ಆ ಗಂಡಸು 1993ರಲ್ಲಿ ಟೆಕ್ಸಸ್‌ನಲ್ಲಿ ಮರಣದಂಡನೆಗೆ ಒಳಗಾದ ಕೈದಿ. ತರಗತಿಯಲ್ಲಿ ಇದನ್ನು ಹೇಳಿದಾಗ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ಹಾಗಾಗುವುದು ಒಳ್ಳೆಯದೇ. ನಾವು ತಿರುಗಿಸುತ್ತಿರುವುದು ಆಟದ ಗೊಂಬೆಯಲ್ಲ, ಒಬ್ಬ ಮನುಷ್ಯನ ಮೈ ಅನ್ನುವುದು ಆಗ ಮನಸ್ಸಿಗೆ ಬರುತ್ತದೆ.

ಪುಕ್ಕಟೆ ಸಿಗುವ ಜೀ-ಅನಾಟಮಿ ಅನ್ನುವ ತಂತ್ರಾಂಶವನ್ನು ನಾನು ಜಾಸ್ತಿ ಬಳಸುತ್ತೇನೆ. ಅದು ಜಪಾನಿನ ಬಾಡಿಪಾರ್ಟ್ಸ್-ತ್ರೀಡಿ ಸಂಗ್ರಹದ ಮೇಲೆ ಕಟ್ಟಿದ್ದು. ಆ ಸಂಗ್ರಹ ಒಬ್ಬ ಜಪಾನಿ ಗಂಡಸಿನ ಎಂಆರ್‌ಐನಿಂದ ಬಂದದ್ದು. ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ತಂತ್ರಾಂಶಗಳೂ ಬಹಳ ಕಾಲ ಗಂಡಸಿನ ದೇಹವನ್ನೇ ಮೂಲವಾಗಿಟ್ಟುಕೊಂಡಿದ್ದವು. ಕಂಪ್ಲೀಟ್ ಅನಾಟಮಿ ಪೂರ್ಣ ಪ್ರಮಾಣದ ಹೆಣ್ಣು ದೇಹವನ್ನು ತಂದದ್ದು 2022ರಲ್ಲಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಕೂತು ಹೊಲಿಯುವ ಹೆಣ್ಣುಮಗಳಿಗೆ ಕುರ್ಚಿ ಮಾಡುವವರು ಈ ವಿಷಯ ಮರೆಯಬಾರದು.

ಅಳತೆಯ ವ್ಯತ್ಯಾಸ ಕಣ್ಣಾರೆ ನೋಡಬೇಕಾದರೆ ಗಾಂಧಿ ಬಜಾರಿಗೆ ಹೋದರೆ ಆಯಿತು. ಮಲ್ಲಿಗೆ ಹೂವನ್ನು ಮೊಳದಲ್ಲಿ ಅಳೆದು ಕೊಡುತ್ತಾರೆ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ. ಇಬ್ಬರು ಹೂವಾಡಗಿತ್ತಿಯರ ಹತ್ತಿರ ಒಂದೊಂದು ಮೊಳ ತಗೊಂಡು ಪಕ್ಕಪಕ್ಕ ಹಿಡಿದು ನೋಡಿ. ಸಮ ಇರುವುದು ಅಪರೂಪ. ನಮ್ಮ ಹಳೆಯ ಅಳತೆಗಳಲ್ಲಿ ಬಹಳಷ್ಟು ಮೈಯಿಂದಲೇ ಬಂದವು: ಗೇಣು, ಮಾರು, ಬೊಗಸೆ, ಹಿಡಿ, ಚಿಟಿಕೆ. ಇಂಗ್ಲೆಂಡಿನ ದೇಹರಚನೆ ತಜ್ಞ ಜಾನ್ ನೇಪಿಯರ್ 1956ರಲ್ಲಿ ಕೈಹಿಡಿತವನ್ನು ಎರಡು ಬಗೆ ಮಾಡಿದರು. ಒಂದು ಬಲದ ಹಿಡಿತ, ಇನ್ನೊಂದು ನಾಜೂಕಿನ ಹಿಡಿತ. ತರಗತಿಯಲ್ಲಿ ನಾನು ಅವನ್ನು ಹಿಡಿ, ಚಿಟಿಕೆ ಅಂತಲೇ ಹೇಳುತ್ತೇನೆ. ಸೌದೆ ಕೊಡಲಿಗೆ ಹಿಡಿ, ರಂಗೋಲಿ ಪುಡಿಗೆ ಚಿಟಿಕೆ. ಯಾರಿಗೂ ಮತ್ತೆ ವಿವರಿಸಬೇಕಾಗಿ ಬಂದಿಲ್ಲ.

ಸರಾಸರಿ ಮನುಷ್ಯ ಅಂತ ಒಬ್ಬನಿಲ್ಲ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಅಮೆರಿಕದ ವಾಯುಪಡೆಯಿಂದ ಬಂತು. 1950ರಲ್ಲಿ 4,063 ಪೈಲಟ್‌ಗಳ ಅಳತೆ ತೆಗೆದರು. ಅಲ್ಲಿನ ಸಂಶೋಧಕ ಗಿಲ್ಬರ್ಟ್ ಡೇನಿಯಲ್ಸ್ ಹತ್ತು ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಹತ್ತಿರ ಇರುವವರು ಎಷ್ಟು ಜನ ಅಂತ ಹುಡುಕಿದರು. ಒಬ್ಬರೂ ಸಿಗಲಿಲ್ಲ. ಹಾಗಾಗಿ ಪರದೆಯ ದೇಹವನ್ನು ಚಲನೆ ತಿಳಿಯಲು ಬಳಸಿ, ಅಳತೆಗೆ ಬಳಸಬೇಡಿ ಅಂತ ಒತ್ತಿ ಹೇಳುತ್ತೇನೆ. ಅಳತೆಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) 1997ರಲ್ಲಿ ಪ್ರಕಟಿಸಿದ, ದೇಬ್‌ಕುಮಾರ್ ಚಕ್ರವರ್ತಿಯವರು ಭಾರತೀಯರ ಮೈ ಅಳೆದು ಮಾಡಿದ ಪುಸ್ತಕ ಇದೆ. ಅದರ ಜೊತೆಗೆ ತರಗತಿಯಲ್ಲಿ ಕೂತವರನ್ನೇ ಟೇಪ್ ಹಿಡಿದು ಅಳೆಯಬೇಕು.

ಈಗ ತೋಳಿನ ವಿಷಯ. ನನಗೆ ತುಂಬ ಇಷ್ಟವಾದ ಪಾಠ ಇದು.

ಬಿಎಂಟಿಸಿ ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿದಾಗ ಶರ್ಟ್ ಸೊಂಟದಿಂದ ಮೇಲೇಳುತ್ತದೆ. ರವಿಕೆ ಕಂಕುಳಲ್ಲಿ ಹಿಡಿಯುತ್ತದೆ. ಉಡುಪು ವಿನ್ಯಾಸ ಕಲಿಸುವ ಒಬ್ಬ ಮೇಡಂ ಇದನ್ನೇ ಪ್ರಶ್ನೆಯಾಗಿ ತಂದರು. ಕಂಕುಳ ಸುತ್ತು ದೊಡ್ಡದು ಮಾಡಿದರೂ ಶರ್ಟ್ ಇನ್ನೂ ಜಾಸ್ತಿ ಏಳುತ್ತದೆ, ಯಾಕೆ ಅಂತ. ನಾವು ಮೊದಲು ಪರದೆ ಹಚ್ಚಲಿಲ್ಲ. ಇಬ್ಬಿಬ್ಬರು ಜೋಡಿಯಾದೆವು. ಒಬ್ಬರು ಕೈ ಎತ್ತುವುದು, ಇನ್ನೊಬ್ಬರು ಅವರ ಹೆಗಲ ಹಲಗೆಯ (ಬೆನ್ನಿನ ಮೇಲ್ಭಾಗದ ಚಪ್ಪಟೆ ಮೂಳೆ) ಕೆಳತುದಿಗೆ ಬೆರಳಿಟ್ಟು ಜೊತೆಯಲ್ಲೇ ಹೋಗುವುದು. ಕೈ ಸೊಂಟದಿಂದ ಹೆಗಲ ಮಟ್ಟಕ್ಕೆ ಬರುವಾಗಲೇ ಬೆರಳು ಹೊರಕ್ಕೆ ಜಾರಿತು. ಕೈ ತಲೆಯ ಮೇಲೆ ಹೋದಾಗ ಬೆರಳು ಪಕ್ಕೆಯ ಹತ್ತಿರ ಇತ್ತು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಚುಕ್ಕೆ ಇಟ್ಟು ನೋಡಿದೆವು. ಇಷ್ಟು ದೂರ ಹೋಗುತ್ತದಾ ಅಂತ ಅವರು ಎರಡು ಸಲ ಕೇಳಿದರು.

ಆಮೇಲೆ ಪರದೆ. ಹೆಗಲ ಹಲಗೆ ಪಕ್ಕೆಲುಬಿಗೆ ಕೀಲಿನಿಂದ ಸೇರಿಲ್ಲ. ಅದು ಸ್ನಾಯುಗಳ ನಡುವೆ ತೇಲುತ್ತದೆ. ಮುಂಡಕ್ಕೂ ಅದಕ್ಕೂ ಮೂಳೆಯ ಸಂಬಂಧ ಅಂದರೆ ಮುಂದೆ ಕೊರಳ ಮೂಳೆ ಒಂದೇ. ಕೈ ಪೂರ್ತಿ ಮೇಲೆ ಹೋಗುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ಹೆಗಲ ಕೀಲಿನದು. ಉಳಿದ 60ರಷ್ಟು ಈ ಹಲಗೆ ತಿರುಗುವುದರಿಂದ ಬರುತ್ತದೆ. ಅಂದರೆ ತೋಳು ಶುರುವಾಗುವುದು ಹೆಗಲಿನಲ್ಲಿ ಅಲ್ಲ, ಬೆನ್ನಿನಲ್ಲಿ. ಕಂಕುಳ ಸುತ್ತನ್ನು ಕೆಳಕ್ಕೆ ದೊಡ್ಡದು ಮಾಡಿದರೆ ಏನಾಗುತ್ತದೆ? ತೋಳಿನ ಬಟ್ಟೆ ಪಕ್ಕೆಯ ಬಟ್ಟೆಗೆ ಕೆಳಗೆಲ್ಲೋ ಸೇರುತ್ತದೆ. ಕೈ ಎತ್ತಿದ ಕೂಡಲೇ ಅದು ಇಡೀ ಪಕ್ಕೆಯನ್ನು ಎಳೆಯುತ್ತದೆ. ಕಂಕುಳಿಗೆ ಹತ್ತಿರ, ಚಿಕ್ಕದಾಗಿ ಕತ್ತರಿಸಿದರೆ ಎಳೆತ ಕಮ್ಮಿ. ಹಳೆಯ ಟೈಲರ್‌ಗಳಿಗೆ ಇದು ಕೈಯಲ್ಲೇ ಗೊತ್ತು. ಕಾರಣ ಏನು ಅಂತ ಆ ಮೇಡಂಗೆ ಅವತ್ತು ಕಂಡಿತು.

ಆದರೆ ಮೂಳೆಯ ಮೇಲೆ ಚರ್ಮ ಎಷ್ಟು ಜಾರಿತು ಅನ್ನುವುದನ್ನು ಪರದೆ ತೋರಿಸಲಿಲ್ಲ. ಅದನ್ನು ಹೇಳಿದ್ದು ಸೀಮೆಸುಣ್ಣದ ಚುಕ್ಕೆಗಳು.

ಮಾದರಿಯನ್ನು ಎಲ್ಲ ಕಡೆ ತಿರುಗಿಸಿ ನೋಡಿದಷ್ಟೂ ಒಳ್ಳೆಯದು ಅಂತ ನಮಗೆ ಅನಿಸುತ್ತದೆ. ಕೆನಡಾದಲ್ಲಿ ಅಮಿತ್ ಗಾರ್ಗ್, ಜೆಫ್ರಿ ನಾರ್ಮನ್ ಮತ್ತವರ ಜೊತೆಯವರು ಮಣಿಕಟ್ಟಿನ ಮೂಳೆಗಳನ್ನೇ ಇಟ್ಟುಕೊಂಡು ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. 2001ರಲ್ಲಿ ಅದು ಪ್ರಕಟವಾಯಿತು. ಹೇಗೆ ಬೇಕಾದರೂ ತಿರುಗಿಸಬಹುದು ಅಂತ ಬಿಟ್ಟರೂ ವಿದ್ಯಾರ್ಥಿಗಳು ಮುಂದಿನ, ಹಿಂದಿನ ಮುಖ್ಯ ನೋಟಗಳಿಗೇ ಮರಳುತ್ತಿದ್ದರು. ಅದಕ್ಕೆ ನಾನು ಒಂದು ಪಾಠಕ್ಕೆ ಮೂರೇ ನೋಟ ಇಟ್ಟುಕೊಳ್ಳುತ್ತೇನೆ: ಎದುರಿನಿಂದ, ಪಕ್ಕದಿಂದ, ಅಡ್ಡ ಬಿಲ್ಲೆ. ಮೂರನ್ನೂ ಕೈಯಲ್ಲಿ ಬರೆಸುತ್ತೇನೆ. ಬರೆದ ಮೇಲೆ ಬೇಕಾದಷ್ಟು ತಿರುಗಿಸಲಿ.

ಕುರ್ಚಿ ಕಲಿಸುವವರಿಗೆ ಒಂದು ಎಚ್ಚರಿಕೆ. ಸಿಟಿ, ಎಂಆರ್‌ಐ ತೆಗೆಯುವುದು ಸಾಮಾನ್ಯವಾಗಿ ಮಲಗಿಸಿ. ಹಾಗಾಗಿ ಪರದೆಯಲ್ಲಿ ಕಾಣುವ ಬೆನ್ನುಮೂಳೆ ಕೂತವರದ್ದಲ್ಲ. ಕೂತಾಗ ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ, ಕೆಳಬೆನ್ನಿನ ಒಳಬಾಗು ಚಪ್ಪಟೆಯಾಗುತ್ತದೆ. ಭಾರ ಬೀಳುವುದು ಪೃಷ್ಠದ ಒಳಗಿನ ಎರಡು ಗುಬುಟುಗಳ ಮೇಲೆ. ಗಟ್ಟಿ ಬೆಂಚಿನ ಮೇಲೆ ಅಂಗೈ ಮೇಲ್ಮುಖ ಮಾಡಿ ಅದರ ಮೇಲೆ ಕೂತರೆ ಆ ಗುಬುಟುಗಳು ಕೈಗೇ ಚುಚ್ಚುತ್ತವೆ. ಮೆಲ್ಲಗೆ ಹಿಂದಕ್ಕೆ ಒರಗಿದರೆ ಅವು ಉರುಳುವುದೂ ತಿಳಿಯುತ್ತದೆ.

ಪರದೆಗೆ ತೂಕವಿಲ್ಲ ಅನ್ನುವುದು ಅದರ ದೊಡ್ಡ ಕೊರತೆ. ತಲೆ ಸುಮಾರು ಐದು ಕಿಲೋ ತೂಗುತ್ತದೆ. ತರಗತಿಗೆ ಐದು ಕಿಲೋ ಅಕ್ಕಿ ಚೀಲ ತರುತ್ತೇನೆ. ಮೊದಲು ಹೆಗಲ ಮೇಲೆ ನೇರ ಹಿಡಿಯಿರಿ, ಆಮೇಲೆ ಕೈ ಚಾಚಿ ಮುಂದೆ ಹಿಡಿಯಿರಿ ಅಂತೀನಿ. ಮೊಬೈಲ್ ನೋಡುತ್ತಾ ಬಗ್ಗಿದ ಕತ್ತು ಹೊರುವ ಕಷ್ಟ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಿದುಳಿನ ವಸ್ತುಸಂಗ್ರಹಾಲಯ ಇದೆ. ದಾನವಾಗಿ ಬಂದ ನಿಜವಾದ ಮಿದುಳನ್ನು ಅಲ್ಲಿ ಸಾಮಾನ್ಯ ಜನರೂ ಕೈಯಲ್ಲಿ ಹಿಡಿದು ನೋಡಬಹುದು. ಡಿಸೈನ್ ಕಲಿಸುವ ಪ್ರತಿಯೊಬ್ಬರೂ ಒಮ್ಮೆ ಹೋಗಬೇಕು ಅಂತ ಕೇಳಿಕೊಳ್ಳುತ್ತೇನೆ. ದೊಡ್ಡವರ ಮಿದುಳು ಸುಮಾರು 1.3ರಿಂದ 1.4 ಕಿಲೋ ಅಂತ ಓದಿರುತ್ತೇವೆ. ಅಂಗೈ ಮೇಲೆ ಕೂತಾಗಲೇ ಅದು ಗೊತ್ತಾಗುವುದು.

ಶುರು ಮಾಡಲು ದುಬಾರಿ ಸಲಕರಣೆ ಬೇಡ. ಜೀ-ಅನಾಟಮಿ ಪುಕ್ಕಟೆ, ತ್ರೀಡಿ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶ ಪುಕ್ಕಟೆ, ಸ್ಕ್ಯಾನ್ ಬಿಲ್ಲೆಗಳನ್ನು ನೋಡಲು ತ್ರೀಡಿ ಸ್ಲೈಸರ್ ಕೂಡ ಪುಕ್ಕಟೆ. ಕನ್ನಡಕದಂತೆ ಹಾಕಿಕೊಳ್ಳುವ ವಿಆರ್ ಸಲಕರಣೆ ಆಮೇಲೆ ಬರಲಿ.

ಹೋದ ತಿಂಗಳ ತರಗತಿಯಲ್ಲಿ ಎಲ್ಲರಿಗೂ ಎರಡೆರಡು ಪೆನ್ಸಿಲ್, ಎರಡೆರಡು ರಬ್ಬರ್ ಬ್ಯಾಂಡ್ ಕೊಟ್ಟೆ. ಪೆನ್ಸಿಲ್‌ಗಳನ್ನು ಅಕ್ಕಪಕ್ಕ ಇಟ್ಟು ಎರಡೂ ತುದಿಗೆ ಸಡಿಲವಾಗಿ ಬ್ಯಾಂಡ್ ಹಾಕಿದರು. ಒಂದನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದರ ಕೆಳತುದಿಯನ್ನು ಅದರ ಮೇಲಿಂದ ಆಚೆ ಬದಿಗೆ ದಾಟಿಸಿದರು. ಕಾಫಿ ಸುರಿಯುವ ಮುಂಗೈ ಮೇಜಿನ ಮೇಲೆ ಮೂಡಿತು. ಅನಿಮೇಷನ್ ಕಲಿಸುವ ಒಬ್ಬ ಮೇಷ್ಟ್ರು ಬಹಳ ಹೊತ್ತು ಅದನ್ನೇ ಹಿಂದೆ ಮುಂದೆ ತಿರುಗಿಸುತ್ತಾ ಕೂತಿದ್ದರು. "ಮೇಡಂ, ದಾಟಿದ ಪೆನ್ಸಿಲ್ ತುದಿ ಸ್ವಲ್ಪ ಹಿಂದೆ ಸರೀತಲ್ಲ. ಮೂಳೆಯಲ್ಲೂ ಹಾಗೇ ಆಗುತ್ತಾ?" ಅಂತ ಕೇಳಿದರು. ಆಗುತ್ತದೆ, ಒಂದೆರಡು ಮಿಲಿಮೀಟರಿನಷ್ಟು. ನಾನು ಹಾಗಂತ ಹೇಳಲಿಲ್ಲ. ಎದ್ದು ಹೋಗಿ ಪರದೆ ಆನ್ ಮಾಡಿದೆ.